ಮೂರನೇ ಮಾಳಿಗೆಯ ಕನ್ನಡ ಶಾಲೆಗೆ ಬೇಕಾಗಿರುವುದು ನೋಟ್‌ಬುಕ್ಕಲ್ಲ

ಜೂನ್ ತಿಂಗಳ ಮಧ್ಯದಲ್ಲಿ ಮಳೆಯೂ ಶಾಲೆಯೂ ಒಟ್ಟಿಗೆ ಆರಂಭವಾಗುವುದು ಮುಂಬಯಿಯ ವಾಡಿಕೆ. ಅದರ ಬೆನ್ನಿಗೇ ಮಹಾನಗರದ ತುಳು-ಕನ್ನಡಿಗರ ಸಂಘ ಸಂಸ್ಥೆಗಳ ಪುಸ್ತಕ ವಿತರಣೆ ಕಾರ್ಯಕ್ರಮಗಳೂ ಆರಂಭವಾಗುತ್ತವೆ. ವೇದಿಕೆಯಲ್ಲಿ ಹತ್ತು ಹನ್ನೆರಡು ಕುರ್ಚಿ, ಹಿಂದೆ ಬ್ಯಾನರು, ಮುಂದೆ ದೀಪ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಮಾತು, ಅಧ್ಯಕ್ಷೀಯ ಭಾಷಣ, ಧನ್ಯವಾದ. ನಡುವೆ ಎಲ್ಲೋ ಹತ್ತು ನಿಮಿಷ ಮಕ್ಕಳನ್ನು ಸಾಲಾಗಿ ಕರೆದು ಅರ್ಧ ಡಜನ್ ನೋಟ್‌ಬುಕ್ ಕೈಗಿತ್ತು ಫೋಟೋ ತೆಗೆಸಲಾಗುತ್ತದೆ. ಎರಡು ದಿನದಲ್ಲಿ ಪತ್ರಿಕೆಯಲ್ಲಿ ಸುದ್ದಿ, ಚಿತ್ರ. ಇದರಲ್ಲಿ ತಪ್ಪೇನೂ ಇಲ್ಲ. ಬೆವರು ಸುರಿಸಿ ಸಂಪಾದಿಸಿದ್ದರಲ್ಲಿ ಒಂದು ಪಾಲನ್ನು ಸಮಾಜದ ಮಕ್ಕಳಿಗೆ ಕೊಡುವ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಆದರೆ ಅದೇ ಮಕ್ಕಳು ಕಲಿಯುವ ಪಾಲಿಕೆಯ ಕನ್ನಡ ಶಾಲೆಯ ಒಳಗೆ ಯಾವ ಬ್ಯಾನರೂ ಇಲ್ಲದೆ, ಅಧ್ಯಕ್ಷ ಕಾರ್ಯದರ್ಶಿಗಳ ಚುನಾವಣೆಯೂ ಇಲ್ಲದೆ, ವರ್ಷಕ್ಕೆ ಕನಿಷ್ಠ 200 ದಿನ ನಡೆಯುವ ಇನ್ನೊಂದು ಸಂಘವಿದೆ. ಅದರ ವರದಿಯನ್ನು ಯಾರೂ ಬರೆದು ಕಳುಹಿಸುವುದಿಲ್ಲ.

ಮಧ್ಯ ಮುಂಬಯಿಯ ಒಂದು ಪಾಲಿಕೆ ಶಾಲೆಯನ್ನೇ ನೋಡಬಹುದು. ಹೆಸರು ಬೇಡ, ಇಂತಹವು ಬೇರೆಯೂ ಇವೆ. ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಹೀಗೆ ಎಂಟು ಭಾಷೆಗಳಲ್ಲಿ ಪ್ರಾಥಮಿಕ ಶಿಕ್ಷಣ ನೀಡುತ್ತ ಬಂದಿದೆ. ಈ ಕಟ್ಟಡದಲ್ಲಿ ಕೆಳಗೆ ಮರಾಠಿ, ಒಂದನೇ ಮಾಳಿಗೆಯಲ್ಲಿ ಹಿಂದಿ, ಎರಡನೆಯದರಲ್ಲಿ ಉರ್ದು, ಮೂರನೆಯದರಲ್ಲಿ ಎಡಕ್ಕೆ ತಮಿಳು, ಬಲಕ್ಕೆ ಕನ್ನಡ. ಲಿಫ್ಟ್ ಇಲ್ಲ. ಕನ್ನಡ ಕಲಿಯಬೇಕಾದರೆ ಅರುವತ್ತು ಚಿಲ್ಲರೆ ಮೆಟ್ಟಿಲು ಹತ್ತಬೇಕು ಎಂದು ಅಲ್ಲಿನ ಶಿಕ್ಷಕಿಯೊಬ್ಬರು ತಮಾಷೆ ಮಾಡುವುದುಂಟು. ಕನ್ನಡಕ್ಕೆ ಮಧ್ಯಾಹ್ನದ ಪಾಳಿ. ಹನ್ನೆರಡೂವರೆಗೆ ಬೆಲ್ಲು, ಸಂಜೆ ಆರಕ್ಕೆ ಬಿಡುಗಡೆ.

ಬೆಲ್ಲಿಗೆ ಮೊದಲು ಆ ಮೆಟ್ಟಿಲುಗಳನ್ನು ನೋಡಬೇಕು. ಬೆಳಿಗ್ಗೆ ಐದಾರು ಫ್ಲಾಟುಗಳಲ್ಲಿ ಪಾತ್ರೆ ಬಟ್ಟೆ ಮುಗಿಸಿದ ತಾಯಂದಿರು ಮಕ್ಕಳನ್ನು ಕರೆತಂದು ಬಿಟ್ಟು, ಎರಡು ಗಂಟೆಯ ಕೆಲಸದ ಮನೆಗೆ ಹೋಗುವ ತನಕ ಅಲ್ಲೇ ಗೋಡೆಗೆ ಒರಗಿ ಕುಳಿತಿರುತ್ತಾರೆ. ಅಲ್ಲಿ ಎಲ್ಲ ವಿಚಾರಗಳೂ ನಡೆಯುತ್ತವೆ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಕಣ್ಣಿನ ಡಾಕ್ಟರು ಬರುತ್ತಾರೆ, ಯಾವ ರೇಶನ್ ಅಂಗಡಿಯಲ್ಲಿ ಗೋಧಿ ಬಂದಿದೆ, ಯಾರ ಖೋಲಿ ಒಡೆಯುವ ನೋಟೀಸು ಬಂತು, ಯಾರ ಗಂಡ ಕುಡಿಯುವುದನ್ನು ಬಿಟ್ಟ, ಯಾರ ಗಂಡ ಪುನಃ ಹಿಡಿದ. ಒಬ್ಬಳ ಮಗುವಿಗೆ ಜ್ವರವಾದರೆ ಇನ್ನೊಬ್ಬಳು ಅವಳ ಎರಡು ಮನೆಯ ಕೆಲಸ ಮಾಡಿ ಬರುತ್ತಾಳೆ. ಸಂಬಳ ಕಟ್ ಆಗದಿರಲಿ ಎಂದು. ಇದಕ್ಕೆ ನೋಂದಣಿ ಸಂಖ್ಯೆ ಇಲ್ಲ, ಲೆಟರ್‌ಹೆಡ್ ಇಲ್ಲ.

ಮುಂಬಯಿಯ ಕನ್ನಡ ಶಾಲೆ ಎಂದಾಗ ಹಳಬರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಊರಿನಿಂದ ಬಸ್ಸು ಹತ್ತಿ ಬಂದ ಹುಡುಗ ಹಗಲು ಹೊಟೇಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗಿ, ಮುಂದೆ ಕ್ಯಾಶಿಯರ್ ಆಗಿ, ಮ್ಯಾನೇಜರ್ ಆಗಿ, ಕೊನೆಗೆ ಮಾಲಕನಾದ ಚಿತ್ರ. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ, ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆ ಇವುಗಳ ಋಣದಲ್ಲಿರುವವರು ಇಂದಿಗೂ ಸಂಘಗಳ ಮುಂದಿನ ಸಾಲಿನಲ್ಲಿದ್ದಾರೆ. ಮುಂಬಯಿಗೆ ಮಾತ್ರ ಸೀಮಿತವಾದ ಮಾತೂ ಇದಲ್ಲ. ದಿಲ್ಲಿಯ ಲೋಧಿ ಎಸ್ಟೇಟಿನಲ್ಲಿ, ಹೈದರಾಬಾದಿನ ಕಾಚಿಗುಡದಲ್ಲಿ, ಚೆನ್ನೈಯ ತ್ಯಾಗರಾಯನಗರದಲ್ಲಿ, ಪುಣೆಯಲ್ಲಿ ಕನ್ನಡಿಗರು ಒಂದಷ್ಟು ಮಂದಿ ಸೇರಿದರೆಂದರೆ ಸಂಘ ಕಟ್ಟಿದರು, ಸಂಘ ಕಟ್ಟಿದರೆಂದರೆ ಶಾಲೆ ತೆರೆದರು. ಅಂದಿನ ಹಿರಿಯರಿಗೆ ಶಾಲೆ ಎಂದರೆ ಸಮಾಜ ಸೇವೆಯ ಒಂದು ವಿಭಾಗವಾಗಿರಲಿಲ್ಲ. ಸಮಾಜ ಒಂದೆಡೆ ಸೇರುವ ಜಾಗವೇ ಅದಾಗಿತ್ತು.

ಈಗ ಬೆಂಚಿನಲ್ಲಿ ಕುಳಿತಿರುವ ಮಕ್ಕಳು ಬೇರೆ. ಕರಾವಳಿಯಿಂದ ಬಂದವರು ಮೇಲೆ ಬಂದರು, ಅವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. 1982ರ ಗಿರಣಿ ಮುಷ್ಕರದ ನಂತರ ಗಿರಣಗಾವಿನ ಎಷ್ಟೋ ಸಂಸಾರಗಳು ಊರಿಗೆ ಮರಳಿದವು, ಉಳಿದವರು ಡೊಂಬಿವಲಿ, ವಿರಾರ್ ಕಡೆ ಸರಿದರು. ಖಾಲಿಯಾದ ಬೆಂಚುಗಳಿಗೆ ಬಂದವರು ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯ ಮಕ್ಕಳು. ತಂದೆ ಬೆಳಿಗ್ಗೆ ನಾಕಾದಲ್ಲಿ ನಿಂತು ಅಂದಿನ ಕೂಲಿ ಹುಡುಕುವವ, ತಾಯಿ ಮನೆಗೆಲಸದವಳು ಅಥವಾ ಕಟ್ಟಡದಲ್ಲಿ ಸಿಮೆಂಟ್ ಹೊರುವವಳು. ಮುಂಬಯಿಯ ಗಗನಚುಂಬಿ ಕಟ್ಟಡಗಳಲ್ಲಿ ಫ್ಲಾಟ್ ಕೊಂಡ ಕನ್ನಡಿಗರೂ ಇದ್ದಾರೆ, ಅವುಗಳ ಸ್ಲಾಬ್ ಹಾಕಿದ ಕನ್ನಡಿಗರೂ ಇದ್ದಾರೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಪರಿಚಯವಾಗುವ ಒಂದೇ ಜಾಗವೆಂದರೆ ಆ ಮೂರನೇ ಮಾಳಿಗೆ. ಯಾಕೆಂದರೆ ಶಿಕ್ಷಕಿಯರಲ್ಲಿ ಒಬ್ಬರು ಉಡುಪಿ ಕಡೆಯವರು, ಇನ್ನೊಬ್ಬರು ಕುಮಟಾದವರು.

ಉಡುಪಿ ಕಡೆಯ ಶಿಕ್ಷಕಿ ನೌಕರಿಗೆ ಸೇರಿದ ಮೊದಲ ವಾರ ಒಂದನೆಯ ತರಗತಿಯ ಹುಡುಗಿಯೊಬ್ಬಳು ಓಡಿಬಂದು, "ಅಕ್ಕೋರ, ಅಂವ ನನ್ನ ಪಾಟಿ ಕಸಗೊಂಡಾನ್ರಿ" ಎಂದಳಂತೆ. ಪಾಟಿ ಎಂದರೆ ಸ್ಲೇಟು ಎಂದು ತಿಳಿಯಲು ಅವರಿಗೆ ಪಕ್ಕದ ತರಗತಿಗೆ ಹೋಗಬೇಕಾಯಿತು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಗ್ರಂಥಸ್ಥ ಕನ್ನಡ, ಎದುರಿಗೆ ಬಯಲುಸೀಮೆಯ ಮಾತು. ಇಪ್ಪತ್ತು ವರ್ಷಗಳಲ್ಲಿ ಆ ಬಾಯಿಗೆ "ಹೌದಲ್ರೀ" ಎನ್ನುವುದು ಅಭ್ಯಾಸವಾಗಿದೆ, ಮಕ್ಕಳಿಗೆ "ಎಂತ ಮಾರಾಯ" ಎನ್ನುವುದು ಬಾಯಿಗೆ ಬಂದಿದೆ. ಕನ್ನಡದ ಏಕೀಕರಣ 1956ರಲ್ಲಿ ಆಯಿತು ಎಂದು ಪುಸ್ತಕದಲ್ಲಿದೆ. ಈ ತರಗತಿಯಲ್ಲಿ ಅದು ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಆಗುತ್ತದೆ.

ಆ ಪುಸ್ತಕಗಳ ವಿಚಾರವೂ ಹೇಳಬೇಕಾದದ್ದೇ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಪಠ್ಯಪುಸ್ತಕ ಮಂಡಳಿ, ಜನರ ಬಾಯಲ್ಲಿ ಬಾಲಭಾರತಿ, ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗೂ ಮುಂಬಯಿಯ ಈ ಮೂರನೇ ಮಾಳಿಗೆಗೂ ಅವೇ ಪುಸ್ತಕಗಳು. ನಾಲ್ಕನೆಯ ತರಗತಿಯ ಮಗು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದಿ, ಕೆಳಗಿನ ಮರಾಠಿ ಶಾಲೆಯ ಮಗುವಿನ ಜೊತೆ ಶಿವಜಯಂತಿಯ ಮೆರವಣಿಗೆಯಲ್ಲಿ ನಡೆಯುತ್ತದೆ. ನವೆಂಬರ್ ಒಂದರಂದು ದೀಪಾವಳಿ ರಜೆ ಇಲ್ಲದಿದ್ದರೆ ರಾಜ್ಯೋತ್ಸವವೂ ಆಗುತ್ತದೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಒಂದು ಮಟ್ಟಕ್ಕೆ ಆಡಬಲ್ಲ ಹತ್ತು ವರ್ಷದ ಹುಡುಗಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರರಿಗೆ ಹೊಟ್ಟೆನೋವು ಎಲ್ಲಿ ಎಂದು ಮರಾಠಿಯಲ್ಲಿ ವಿವರಿಸುತ್ತಾಳೆ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಪ್ರತಿಭಾ ಪುರಸ್ಕಾರದಲ್ಲಿ ಇಂತಹ ಪ್ರತಿಭೆಗೆ ಅಂಕಣವಿಲ್ಲ.

ಈ ಶಾಲೆಯ ಬಳಗ ಎಂತಹದು ಎಂಬುದು ಹೊರಗಿನವರಿಗೂ ಗೊತ್ತಾದ ದಿನವೊಂದಿದೆ. 2005ರ ಜುಲೈ 26. ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನ 944 ಮಿ.ಮೀ. ಮಳೆ ದಾಖಲಾದ ದಿನ. ಮಧ್ಯಾಹ್ನದ ಪಾಳಿಯ ಮಕ್ಕಳು ಒಳಗೆ ಬಂದು ಹಾಜರಿ ಆದ ಮೇಲೆ ಆಕಾಶ ಕಪ್ಪಾಯಿತು. ನಾಲ್ಕು ಗಂಟೆಗೆ ರಸ್ತೆಯಲ್ಲಿ ಸೊಂಟದ ಮಟ್ಟ ನೀರು. ಲೋಕಲ್ ನಿಂತಿತು, ಫೋನ್ ಹತ್ತಲಿಲ್ಲ. ಕೆಳಗಿನ ತರಗತಿಗಳಿಗೆ ನೀರು ನುಗ್ಗಿದಾಗ ಮರಾಠಿ, ಹಿಂದಿ ಮಕ್ಕಳೆಲ್ಲ ಮೇಲಕ್ಕೆ ಬಂದರು. ಮೂರನೇ ಮಾಳಿಗೆಯಲ್ಲಿ ಆ ರಾತ್ರಿ ಐದು ಭಾಷೆಯ ಮಕ್ಕಳು ಒಟ್ಟಿಗೆ ಮಲಗಿದರು. ಬೆಂಚುಗಳನ್ನು ಜೋಡಿಸಿ ಚಿಕ್ಕವರಿಗೆ ಹಾಸಿಗೆ ಮಾಡಲಾಯಿತು. ತಮಿಳು ಶಾಲೆಯ ಗುರುಗಳು ಒಂದು ಬದಿಯ ಬಾಗಿಲಲ್ಲಿ, ಕನ್ನಡ ಶಾಲೆಯ ಶಿಕ್ಷಕಿ ಇನ್ನೊಂದು ಬದಿಯಲ್ಲಿ ರಾತ್ರಿಯಿಡೀ ಕುಳಿತರು. ಕೊಂಕಣದ ಕಡೆಯ ಮಾವಶಿ, ಶಾಲೆಯ ಬೆಲ್ಲು ಹೊಡೆಯುವವಳು, ತನ್ನ ಮನೆಯಲ್ಲಿ ನೀರು ಎಲ್ಲಿಯ ತನಕ ಬಂದಿದೆ ಎಂದು ತಿಳಿಯದೆಯೂ ಅಲ್ಲೇ ಉಳಿದಳು. ರಸ್ತೆಯಾಚೆಯ ಉಡುಪಿ ಹೊಟೇಲಿನ ಹುಡುಗರು ಎದೆಮಟ್ಟದ ನೀರಿನಲ್ಲಿ ದೊಡ್ಡ ಡಬ್ಬ ತಲೆಯ ಮೇಲಿಟ್ಟುಕೊಂಡು ಉಪ್ಪಿಟ್ಟು, ಪಾವ್ ತಂದುಕೊಟ್ಟರು. ಹೊಟೇಲಿನ ಮಾಲಕರು ಬಿಲ್ ಕಳುಹಿಸಲಿಲ್ಲ, ಪತ್ರಿಕೆಗೆ ಸುದ್ದಿಯನ್ನೂ ಕಳುಹಿಸಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕೊನೆಯ ಮಗುವಿನ ತಂದೆ ಭಿವಂಡಿಯ ಕಡೆಯಿಂದ ನಡೆದೇ ಬಂದು ಮುಟ್ಟಿದ. ಲೆಕ್ಕದಲ್ಲಿ ಒಂದು ಮಗುವೂ ಕಡಿಮೆಯಾಗಿರಲಿಲ್ಲ. ಅಂದು ಬೆಂಚಿನ ಮೇಲೆ ಮಲಗಿದ್ದ ಹುಡುಗಿಯರಲ್ಲಿ ಒಬ್ಬಳು ಈಗ ಅದೇ ಮೆಟ್ಟಿಲಲ್ಲಿ ತನ್ನ ಮಗನನ್ನು ಬಿಟ್ಟುಹೋಗುತ್ತಾಳೆ.

ಇಂತಹ ಕಥೆಗಳನ್ನು ಹೇಳಿ ಬಡ ಶಾಲೆಯನ್ನು ಹೊಗಳಿ ಮನೆಗೆ ಹೋಗುವುದು ಸುಲಭ. ಹೊಗಳಿದವರ ಮೊಮ್ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದ ತಂದೆ ತಾಯಿಯನ್ನು ವೇದಿಕೆಯಿಂದ ಬಯ್ಯುವುದು ಕನ್ನಡ ಪರ ಭಾಷಣದ ಒಂದು ಅಂಗವಾಗಿಬಿಟ್ಟಿದೆ. ಅದರಿಂದ ಒಂದು ಮಗುವೂ ಕನ್ನಡ ಶಾಲೆಗೆ ಸೇರಿದ್ದಿಲ್ಲ. ನಾಕಾದಲ್ಲಿ ನಿಲ್ಲುವ ತಂದೆಯೊಬ್ಬ ಪಾಲಕರ ಸಭೆಯಲ್ಲಿ ಎದ್ದು ನಿಂತು, "ಬಾಯಾರ, ಕನ್ನಡ ಸಾಲ್ಯಾಗ ಕಲ್ತು ನಮ್ಮ ಹುಡುಗ ಮುಂದ ಎಲ್ಲಿ ಹೋಗಬೇಕ್ರಿ?" ಎಂದು ಕೇಳಿದಾಗ ಶಿಕ್ಷಕಿಯ ಹತ್ತಿರ ಸಲೀಸಾದ ಉತ್ತರ ಇರಲಿಲ್ಲ. ಏಳನೆಯ ತರಗತಿಯಾದ ಮೇಲೆ ನಡೆದುಹೋಗುವ ದೂರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲ. ರೈಲು ಪಾಸು ಮಾಡಿಸಿ ಹೆಣ್ಣುಮಗಳನ್ನು ಎರಡು ಸ್ಟೇಶನ್ ದಾಟಿಸಿ ಕಳುಹಿಸಲು ತಾಯಿ ಹೆದರುತ್ತಾಳೆ. ಮರಾಠಿ ಅಥವಾ ಹಿಂದಿಗೆ ಹೋದರೆ ಎರಡು ವರ್ಷ ತಡವರಿಸುವುದು ಗ್ಯಾರಂಟಿ. ಮುಂಬಯಿ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗವಿದೆ. ಎಂ.ಎ., ಪಿಎಚ್.ಡಿ. ಮಾಡಿಸುತ್ತದೆ. ಮೇಲಿನ ಮಾಳಿಗೆ ಭದ್ರವಾಗಿದೆ, ಕೆಳಗಿನದೂ ಹೇಗೋ ನಿಂತಿದೆ, ನಡುವಿನ ಮೆಟ್ಟಿಲುಗಳೇ ಅಲ್ಲಲ್ಲಿ ಕಿತ್ತುಹೋಗಿವೆ.

ಆದರೂ ಇಂಗ್ಲಿಷಿಗೆ ಹೋದವರಿಗೆ ಸಿಕ್ಕಿದ್ದೇನು, ಹೋಗಿದ್ದೇನು ಎಂಬುದನ್ನೂ ನೋಡಬೇಕು. ಅದೇ ಮೆಟ್ಟಿಲಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ತಾಯಿ ತನ್ನ ಕಿರಿಯ ಮಗನನ್ನು ಹತ್ತಿರದ ಖಾಸಗಿ ಶಾಲೆಗೆ ಹಾಕಿದಳು. ತಿಂಗಳಿಗೆ ಒಂದು ಮನೆಯ ಸಂಬಳವಿಡೀ ಫೀಸಿಗೆ. ಗೇಟಿನಲ್ಲಿ ವಾಚ್‌ಮನ್, ಒಳಗೆ ಬಿಡುವುದಿಲ್ಲ. ಸೂಚನೆಗಳೆಲ್ಲ ಮೊಬೈಲಿಗೆ ಇಂಗ್ಲಿಷಿನಲ್ಲಿ ಬರುತ್ತವೆ. ಮಗನ ಪಕ್ಕದಲ್ಲಿ ಕುಳಿತುಕೊಳ್ಳುವ ಮಗುವಿನ ತಾಯಿ ಯಾರು ಎಂದು ಅವಳಿಗೆ ಗೊತ್ತಿಲ್ಲ. ಆ ಮೆಸೇಜುಗಳನ್ನು ಓದಿಸಿಕೊಳ್ಳಲು ಅವಳು ವಾರಕ್ಕೊಮ್ಮೆ ಪುನಃ ಮೂರನೇ ಮಾಳಿಗೆಗೆ ಹತ್ತಿ ಬರುತ್ತಾಳೆ. ಶಿಕ್ಷಕಿ ಓದಿ ಹೇಳುತ್ತಾರೆ. "ನಿನ್ನ ಮಗ ಇಲ್ಲಿಲ್ಲವಲ್ಲ" ಎಂದು ಒಂದು ದಿನವೂ ಅಂದದ್ದಿಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗಲೂ ಹಾಗೆಯೇ. ಪಾಠ ಮೊಬೈಲಿಗೆ ಬಂತು, ಖೋಲಿಯಲ್ಲಿ ಇದ್ದದ್ದು ಒಂದು ಮೊಬೈಲು, ಅದೂ ತಂದೆಯ ಕಿಸೆಯಲ್ಲಿ. ಅರ್ಧದಷ್ಟು ಸಂಸಾರಗಳು ಲಾರಿಯಲ್ಲಿ, ಟೆಂಪೋದಲ್ಲಿ ಊರಿಗೆ ಹೊರಟುಹೋದವು. ಪಾಠ ಎಷ್ಟು ನಡೆಯಿತೋ ದೇವರಿಗೇ ಗೊತ್ತು. ಆದರೆ ಶಿಕ್ಷಕಿಯರ ಡೈರಿಯಲ್ಲಿ ಯಾವ ಮಗು ಯಾವ ತಾಲೂಕಿನ ಯಾವ ಹಳ್ಳಿಯಲ್ಲಿದೆ ಎಂಬ ಪಟ್ಟಿ ಇತ್ತು. ಶಾಲೆ ಪುನಃ ತೆರೆದಾಗ ಆ ಪಟ್ಟಿ ಹಿಡಿದೇ ಒಬ್ಬೊಬ್ಬರಿಗೆ ಫೋನು ಹೋಯಿತು.

ಹಾಗಾದರೆ ಸಂಘ ಸಂಸ್ಥೆಗಳು ಮಾಡಬೇಕಾದದ್ದೇನು? ಮೊದಲನೆಯದಾಗಿ ನೋಟ್‌ಬುಕ್ಕನ್ನು ಸ್ವಲ್ಪ ಬದಿಗಿಡಬೇಕು. ಸಮವಸ್ತ್ರ, ಚೀಲ, ಪುಸ್ತಕ, ಛತ್ರಿ, ಬೂಟು ಎಂದು ಪಾಲಿಕೆಯೇ 27 ಬಗೆಯ ವಸ್ತುಗಳನ್ನು ಮಕ್ಕಳಿಗೆ ಉಚಿತವಾಗಿ ಕೊಡುವ ಯೋಜನೆ ಇಟ್ಟುಕೊಂಡಿದೆ. ಕೆಲವೊಮ್ಮೆ ತಡವಾಗುತ್ತದೆ, ಅದು ಬೇರೆ ವಿಷಯ. ಮಧ್ಯಾಹ್ನ ಬಿಸಿಯೂಟದ ಕಿಚಡಿಯೂ ಬರುತ್ತದೆ. ಒಂದೇ ಮಗುವಿಗೆ ಮೂರು ಸಂಘದವರು ಮೂರು ಚೀಲ ಕೊಟ್ಟ ಉದಾಹರಣೆ ಇದೆ. ಮೂರನೆಯ ಚೀಲದಲ್ಲಿ ಆ ತಾಯಿ ಜೋಳದ ಹಿಟ್ಟು ತುಂಬಿಟ್ಟಿದ್ದಾಳೆ. ಅಡ್ಡಿಯಿಲ್ಲ, ಚೀಲ ಗಟ್ಟಿಯಾಗಿದೆ.

ಶಾಲೆಗೆ ಇಲ್ಲದ್ದು ವಸ್ತುವಲ್ಲ, ಜನ. ಮುಖ್ಯವಾಗಿ ಕಾಗದಪತ್ರ ಬಲ್ಲ ಜನ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ವಿದ್ಯಾರ್ಥಿವೇತನ ಬರಬೇಕಾದರೆ ಮಗುವಿನ ಹೆಸರಿನಲ್ಲಿ ಖಾತೆ ಬೇಕು, ಖಾತೆಗೆ ಆಧಾರ್ ಬೇಕು, ಆಧಾರಿನ ಹೆಸರೂ ಶಾಲೆಯ ರಿಜಿಸ್ಟರಿನ ಹೆಸರೂ ಒಂದೇ ಇರಬೇಕು. ಊರಿನ ರೇಶನ್ ಕಾರ್ಡಿನಲ್ಲಿ ನೀಲವ್ವ ಎಂದಿದ್ದವಳು ಇಲ್ಲಿನ ಆಧಾರಿನಲ್ಲಿ ನೀಲಾಬಾಯಿ ಆಗಿರುತ್ತಾಳೆ. ಕರ್ನಾಟಕದಲ್ಲಿ ತಂದೆಯ ಹೆಸರು ಕೊನೆಗೆ, ಮಹಾರಾಷ್ಟ್ರದಲ್ಲಿ ನಡುವೆ, ಅಡ್ಡಹೆಸರು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಜನ. ಹೆಬ್ಬೆಟ್ಟು ಒತ್ತುವ ತಾಯಿ ಒಂದು ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಬಂದು ಸಾಲಿನಲ್ಲಿ ನಿಂತು, "ಹೆಸರು ಹೊಂದುವುದಿಲ್ಲ" ಎಂಬ ಮಾತು ಕೇಳಿ ಮರಳುತ್ತಾಳೆ. ಎರಡನೆಯ ಸಲ ಬರುವುದಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಅದು ಆ ತಾಯಿಗೆ ಯಾರು ಹೇಳಬೇಕು? ಸದ್ಯಕ್ಕೆ ಅದನ್ನೆಲ್ಲ ಮಾಡುತ್ತಿರುವವರು ಮೂವರು ಶಿಕ್ಷಕರೇ, ಪಾಠದ ನಡುವೆ. ಮುಂಬಯಿಯ ಬ್ಯಾಂಕು, ವಿಮೆ, ರೈಲ್ವೆ, ಅಂಚೆ ಇಲಾಖೆಗಳಿಂದ ನಿವೃತ್ತರಾದ ಕನ್ನಡಿಗರು ಎಷ್ಟಿಲ್ಲ! ಬೆಳಗಿನ ವಾಕಿಂಗ್, ಭಜನೆ, ಟಿ.ವಿ. ಬಿಟ್ಟರೆ ಹಗಲು ಅವರದೇ. ತಿಂಗಳಿಗೆ ಎರಡು ಮಧ್ಯಾಹ್ನ ಒಂದು ಟೇಬಲ್, ಒಂದು ಕುರ್ಚಿ ಹಾಕಿ ಆ ಮೆಟ್ಟಿಲ ಬಳಿ ಕುಳಿತರೆ ಸಾಕು. ಶಾಲು ಹೊದಿಸುವವರು ಯಾರೂ ಇರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

ಎರಡನೆಯದು, ಶಾಲಾ ವ್ಯವಸ್ಥಾಪನ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಮೂರನೇ ಮಾಳಿಗೆಯ ಸಮಿತಿಯಲ್ಲಿ ಮೆಟ್ಟಿಲ ತಾಯಂದಿರೇ ಇದ್ದಾರೆ. ಸಭೆಯಲ್ಲಿ ಮಾತಾಡುತ್ತಾರೆ, ನಲ್ಲಿ ಒಡೆದದ್ದು, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕೆಟ್ಟದ್ದು ಎಲ್ಲವನ್ನೂ ಹೇಳುತ್ತಾರೆ. ಆದರೆ ಠರಾವು ಬರೆದು ವಾರ್ಡ್ ಕಚೇರಿಗೆ ಕೊಟ್ಟು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು, ಹದಿನೈದು ದಿನ ಬಿಟ್ಟು ಪುನಃ ಹೋಗಿ ಕೇಳುವ ಕೆಲಸ ಅವರಿಂದಾಗದು. ಹೋದರೆ ಆ ದಿನದ ಸಂಬಳ ಹೋಗುತ್ತದೆ. ಸಂಘಗಳ ಗೌರವ ಕಾರ್ಯದರ್ಶಿಗಳಿಗೆ ಇದು ದಿನನಿತ್ಯದ ವಿದ್ಯೆ. ಸಭಾಭವನದ ಪ್ಲಾನ್ ಪಾಸ್ ಮಾಡಿಸಲು ಎಷ್ಟು ಸಲ ಪಾಲಿಕೆಯ ಮೆಟ್ಟಿಲು ಹತ್ತಿದ್ದಾರೋ ಅದರಲ್ಲಿ ಹತ್ತರಲ್ಲಿ ಒಂದು ಪಾಲು ಈ ಚಿಲಕಕ್ಕಾಗಿ ಹತ್ತಿದರೆ ಕೆಲಸ ಆದೀತು.

ಇದೆಲ್ಲ ಯಾಕೆ ತುರ್ತು ಎಂದರೆ ಲೆಕ್ಕ ಹಾಗಿದೆ. ಅದೇ ಕಾಯಿದೆಯ ಪರಿಶಿಷ್ಟದಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಎಂದಿದೆ. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆ ನಿಗದಿ ಮಾಡಲು ಸೆಪ್ಟೆಂಬರ್ 30ರ ಪಟಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದು ಒಂದು ಮಗು ಕಡಿಮೆಯಾದರೆ ಒಬ್ಬ ಶಿಕ್ಷಕರು ಕಡಿಮೆ. ಇಬ್ಬರು ಶಿಕ್ಷಕರು ಐದು ತರಗತಿ ನಡೆಸುವುದೆಂದರೆ ಒಂದನೆಯದಕ್ಕೆ ಅಕ್ಷರ ಬರೆಸಿ, ನಾಲ್ಕನೆಯದಕ್ಕೆ ಭಾಗಾಕಾರ ಕೊಟ್ಟು, ಎರಡನೆಯದರ ಜಗಳ ಬಿಡಿಸುವುದು. ಪಾಲಕರು ಅದನ್ನು ನೋಡುತ್ತಾರೆ, ಮರುವರ್ಷ ಇನ್ನೂ ನಾಲ್ಕು ಮಕ್ಕಳು ಹೋಗುತ್ತವೆ. ಹಾಗೆ ಒಂದೊಂದೇ ಮಗು ಹೋಗಿ ಕೊನೆಗೆ ಒಂದು ದಿನ ಶಾಲೆಯನ್ನು ಇನ್ನೊಂದರಲ್ಲಿ ವಿಲೀನ ಮಾಡಿದರೆಂದರೆ, ಅಂದು ಪತ್ರಿಕೆಯಲ್ಲಿ ಖಂಡನಾ ಹೇಳಿಕೆಗಳು ಬರುತ್ತವೆ. ಮಾತೃಭಾಷೆಯಲ್ಲೇ ಕಲಿಸಬೇಕೆಂದು 2009ರ ಕಾಯಿದೆ "ಸಾಧ್ಯವಾದ ಮಟ್ಟಿಗೆ" ಎಂಬ ಮಾತು ಸೇರಿಸಿ ಹೇಳಿದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕನಿಷ್ಠ ಐದನೆಯ ತರಗತಿಯವರೆಗೆ ಎಂದು ಹೇಳಿದೆ ಎಂದೆಲ್ಲ ಆ ಹೇಳಿಕೆಗಳಲ್ಲಿ ಇರುತ್ತದೆ. ಸೆಪ್ಟೆಂಬರ್ 30ರ ಹಾಜರಿಯಲ್ಲಿ 61ನೆಯ ಮಗು ಎಲ್ಲಿತ್ತು ಎಂಬುದು ಮಾತ್ರ ಇರುವುದಿಲ್ಲ.

ಆ ಮಗು ಸಾಮಾನ್ಯವಾಗಿ ಊರಿನಲ್ಲಿರುತ್ತದೆ. ಏಪ್ರಿಲ್-ಮೇ ರಜೆಗೆ ಹೋದ ಸಂಸಾರ ಮುಂಗಾರು ಬಿತ್ತನೆ ಮುಗಿಸಿ, ನಾಗರ ಪಂಚಮಿ ಮುಗಿಸಿ ಮರಳುವಾಗ ಆಗಸ್ಟ್ ಕೊನೆ. ಒಮ್ಮೊಮ್ಮೆ ದಸರೆ. ಶಾಲೆ ಆರಂಭವಾದ ಮೇಲೆ ಬಂದರೂ ಸೇರಿಸಿಕೊಳ್ಳಬೇಕು, ಬೇರೆ ಶಾಲೆಯ ದಾಖಲೆ ತಡವಾಯಿತೆಂದು ನಿರಾಕರಿಸುವಂತಿಲ್ಲ ಎಂದು ಕಾನೂನಿದೆ. ತಂದೆಗೆ ಅದು ಗೊತ್ತಿರುವುದಿಲ್ಲ. "ಈ ವರ್ಷ ತಪ್ಪಿತು, ಮುಂದಿನ ವರ್ಷ ನೋಡೋಣ" ಎಂದು ಹುಡುಗನನ್ನು ಜೊತೆಗೆ ಕೆಲಸಕ್ಕೆ ಕರೆದುಕೊಂಡು ಹೋಗುತ್ತಾನೆ. ಮುಂದಿನ ವರ್ಷ ಎಂಬುದು ಬರುವುದೇ ಇಲ್ಲ.

2024ರ ಆಗಸ್ಟ್ ಕೊನೆಯಲ್ಲಿ ಮೂರನೇ ಮಾಳಿಗೆಯ ಒಂದರಿಂದ ಐದನೆಯ ತರಗತಿಯ ಪಟ್ಟಿಯಲ್ಲಿ 63 ಹೆಸರುಗಳಿದ್ದವು, ಬೆಂಚಿನಲ್ಲಿ 57 ಮಕ್ಕಳು. ಉಡುಪಿ ಕಡೆಯ ಶಿಕ್ಷಕಿ ಡೈರಿ ತೆಗೆದು ಫೋನ್ ಮಾಡತೊಡಗಿದರು. ಅವರಿಗೆ ಸಹಾಯ ಮಾಡಿದವರು ಮೆಟ್ಟಿಲ ಮೇಲಿನ ತಾಯಂದಿರು. ಯಾರ ಊರಿನವರು ಯಾರು, ಯಾರ ಸೋದರಮಾವನ ನಂಬರ್ ಯಾರ ಹತ್ತಿರ ಇದೆ ಎಂಬುದು ಅವರಿಗೆ ಗೊತ್ತು. ಒಬ್ಬಾಕೆ ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿಸಿದಳು. ಇನ್ನೊಬ್ಬಾಕೆ, "ಹುಡುಗೀನ ನನ್ನ ಖೋಲ್ಯಾಗ ಇಟ್ಗೋತೀನಿ, ನೀ ಬಿತ್ತಿಗಿ ಮುಗಿಸ್ಕೊಂಡು ನಿಧಾನ ಬಾರವ್ವ" ಎಂದು ಹೇಳಿ, ತನ್ನ ತಮ್ಮನ ಜೊತೆ ರಾತ್ರಿ ರೈಲಿನಲ್ಲಿ ಆ ಹುಡುಗಿಯನ್ನು ಕರೆಸಿಕೊಂಡಳು. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿ, ಒಳಗೆ ಮೊದಲೇ ಐದು ಜನ. ನಾಲ್ವರು ಮಕ್ಕಳು ಗಣೇಶ ಚತುರ್ಥಿಯ ನಂತರ ಒಬ್ಬೊಬ್ಬರಾಗಿ ಬಂದರು. ಅಲ್ಲಿಗೆ 61. ಉಳಿದ ಇಬ್ಬರು ಯಾದಗಿರಿ ಕಡೆಯ ಅಣ್ಣ ತಂಗಿ. ಅವರ ತಂದೆ ಫೋನ್ ಎತ್ತಲಿಲ್ಲ.

ಮೂರನೆಯ ಶಿಕ್ಷಕರ ಹುದ್ದೆ ಆ ವರ್ಷಕ್ಕೆ ಉಳಿಯಿತು. ಅಣ್ಣ ತಂಗಿಯ ಹೆಸರನ್ನು ಶಿಕ್ಷಕಿ ಡೈರಿಯಲ್ಲಿ ಹೊಡೆದುಹಾಕಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ನಂಬರ್ ಬರೆದಿಟ್ಟಿದ್ದಾರೆ, ಆ ಮಕ್ಕಳ ದೊಡ್ಡಪ್ಪನದಂತೆ, ವಸಾಯಿಯ ಕಡೆ ಎಲ್ಲೋ ಟೈಲ್ಸ್ ಕೆಲಸ ಮಾಡುತ್ತಾನೆ.